ನೈಟ್ರೋಜನ್ ನಿಲ್ಲಿಸಬಾರದು

ಆ ಬೇಸಿಗೆಯಲ್ಲಿ ಮೂರು ಬ್ಯಾಚು ಸಾಲಾಗಿ ಚಹಾದ ಬಣ್ಣಕ್ಕೆ ತಿರುಗಿದವು. ಮೊದಲನೆಯದು ಬಂದಾಗ ಬಣ್ಣ ಅಳೆಯುವ ಯಂತ್ರವೇ ಕೆಟ್ಟಿರಬೇಕು ಅಂದುಕೊಂಡಳು ಸುರೇಖಾ. ಎರಡನೆಯದು ಬಂದಾಗ ಯಂತ್ರದ ಗಾಜು ಒರೆಸಿ ಮತ್ತೆ ನೋಡಿದಳು. ಮೂರನೆಯದರ ಬಾಟಲಿ ಕೈಗೆ ಬಂದಾಗ ಯಂತ್ರ ಬೇಕಾಗಲೇ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದದ್ದೇ ಸಾಕಾಯಿತು.

ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆ ಹಿಟ್ನಾಳ ದಾಟಿದ ಮೇಲೆ ಹೆದ್ದಾರಿಗೆ ಹತ್ತಿಕೊಂಡೇ ಇತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಕೊಡ, ಬಕೆಟ್ಟು ಮಾಡುವ ಪ್ಲಾಸ್ಟಿಕ್ಕಲ್ಲ. ಮುನ್ನೂರು ಡಿಗ್ರಿ ಕಾವಿಗೂ ಕರಗದ, ವಿಮಾನದಲ್ಲಿ ಉಕ್ಕಿನ ಬದಲು ಬಳಸುವ, ಅಪಘಾತದಲ್ಲಿ ತಲೆಬುರುಡೆ ಒಡೆದವರಿಗೆ ಒಳಗೆ ತೇಪೆಯಾಗಿ ಕೂಡಿಸುವ ಪಾಲಿಮರ್. ಅದು ಪುಡಿಯಾಗಿ ಬರುತ್ತದೆ. ಒಳ್ಳೆಯ ಪುಡಿ ಬಿಳಿಜೋಳದ ಹಿಟ್ಟಿನ ಹಾಗೆ, ಸ್ವಲ್ಪವೇ ಕೆನೆ ಬಣ್ಣ. ಅದು ಕಂದು ಬಣ್ಣಕ್ಕೆ ತಿರುಗಿದರೆ ಒಳಗೆ ಇರಬಾರದ್ದೇನೋ ಇದೆ ಎಂದು ಅರ್ಥ. ಮನುಷ್ಯನ ತಲೆಯೊಳಗೆ ಕೂಡಿಸುವ ವಸ್ತುವಿನಲ್ಲಿ ಇರಬಾರದ್ದು ಇದ್ದರೆ ಯಾರು ಕೊಳ್ಳುತ್ತಾರೆ?

ಮ್ಯಾನೇಜರ್ ವಿರುಪಣ್ಣ ಲ್ಯಾಬಿಗೆ ಬಂದು ಬಾಗಿಲು ಮುಂದೆ ಮಾಡಿದ. "ಮೇಡಂ, ಇನ್ನೊಂದು ಬ್ಯಾಚ್ ಹಿಂಗ ಬಂದ್ರ ಗಿರಾಕಿ ಕೈ ಬಿಡ್ತಾನ. ಆಮ್ಯಾಲೆ ಇಲ್ಲಿ ನಾನೂ ಇರಂಗಿಲ್ಲ, ನೀವೂ ಇರಂಗಿಲ್ಲ."

ಸುರೇಖಾಗೆ ಆಗ ಮೂವತ್ತೊಂದು. ಕುಷ್ಟಗಿಯ ಶೇಂಗಾ ವ್ಯಾಪಾರಿ ದೇವೇಂದ್ರಪ್ಪನ ಮಗಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಗಂಡ ಕಲ್ಲೇಶ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಇಬ್ಬರೂ ಕೊಪ್ಪಳದಲ್ಲಿ ಮನೆ ಮಾಡಿಕೊಂಡು ಬೆಳಿಗ್ಗೆ ಎದ್ದು ಒಬ್ಬರು ಒಂದು ದಿಕ್ಕಿಗೆ, ಇನ್ನೊಬ್ಬರು ಇನ್ನೊಂದು ದಿಕ್ಕಿಗೆ ಬಸ್ಸು ಹತ್ತುವವರು. ನಾಲ್ಕು ವರ್ಷದಿಂದ ಆ ಕಾರ್ಖಾನೆಯ ಬಣ್ಣ ಮತ್ತು ಶುದ್ಧತೆ ಅವಳ ಜವಾಬ್ದಾರಿ. ಲ್ಯಾಬಿನ ಹೊರಗೆ ಏನು ನಡೆಯುತ್ತದೆ ಎಂದು ಅವಳಿಗೆ ಕಾಗದದ ಮೇಲೆ ಚೆನ್ನಾಗಿ ಗೊತ್ತಿತ್ತು. ಕಾಲಿನಿಂದ ನಡೆದು ನೋಡಿದ್ದು ಕಡಿಮೆ.

ಹದಿನೈದು ದಿನ ಅವಳು ಕಾರಣ ಹುಡುಕಿದಳು. ಕಚ್ಚಾ ಮಾಲು ಚೊಕ್ಕಟವಾಗಿತ್ತು. ತೊಳೆಯುವ ನೀರು ಚೊಕ್ಕಟವಾಗಿತ್ತು. ಕೊನೆಗೆ ಸಿಕ್ಕ ಕಾರಣ ಗಾಳಿ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಹೇಗೆ ಕಪ್ಪಾಗುತ್ತದೋ ಹಾಗೆ, ಬಿಸಿ ಪುಡಿಗೆ ಗಾಳಿ ಸೋಕಿದರೆ ಬಣ್ಣ ತಿರುಗುತ್ತಿತ್ತು. ಪಾಕ ಕುದಿಯುವ ಪಾತ್ರೆಯಲ್ಲಿ ಗಾಳಿಯನ್ನು ಓಡಿಸಲು ಮೊದಲಿನಿಂದಲೂ ನೈಟ್ರೋಜನ್ ಬಿಡುತ್ತಿದ್ದರು. ಆದರೆ ತೊಳೆದ ಪುಡಿಯನ್ನು ಒಣಗಿಸುವ ಡ್ರೈಯರಿನಲ್ಲಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ಜೊತೆಗೆ ಡ್ರೈಯರಿನ ಗೋಡೆಗೆ ಅಂಟಿಕೊಂಡ ಹಳೆಯ ಪುಡಿ ಪ್ರತಿ ಸಲ ಕಾದು ಕಾದು ಕರಿಯಾಗಿ, ಹೊಸ ಪುಡಿಯಲ್ಲಿ ಉದುರುತ್ತಿತ್ತು.

ಅವಳು ಒಂದು ಸೂಚನೆ ಬರೆದಳು. ಎರಡೇ ಸಾಲು. ಡ್ರೈಯರಿಗೆ ನೈಟ್ರೋಜನ್ ಯಾವ ಕಾರಣಕ್ಕೂ ನಿಲ್ಲಿಸಬಾರದು. ಹಳೆಯ ಪುಡಿ ಗೋಡೆಗೆ ಒಂದು ಚೂರೂ ಉಳಿಯಬಾರದು. ವಿರುಪಣ್ಣ ಓದಿ ಸಹಿ ಮಾಡಿದ. ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಮೂರನೇ ಅಂತಸ್ತಿನಲ್ಲಿ ಡ್ರೈಯರಿನ ಪಕ್ಕಕ್ಕೆ ತೂಗುಹಾಕಿದರು.

ನಾಲ್ಕನೇ ಬ್ಯಾಚು ಸುಧಾರಿಸಿತು. ಐದನೆಯದು ಬಂದಾಗ ಯಂತ್ರ ತೋರಿಸಿದ ಹಳದಿತನದ ಅಂಕ ಕಾರ್ಖಾನೆ ಶುರುವಾದಾಗಿನಿಂದ ಯಾರೂ ಕಂಡಿರದಷ್ಟು ಕಡಿಮೆ. ವಿರುಪಣ್ಣ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದ. ಸುರೇಖಾ ಆ ದಿನ ಬಸ್ಸಿನಲ್ಲಿ ಒಬ್ಬಳೇ ಕೂತು ನಕ್ಕಳು.

ಅದು ನಡೆದದ್ದು ಏಳನೇ ಬ್ಯಾಚಿನ ದಿನ, ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ.

ಸೈದಾನಬಿ ಸ್ಯಾಂಪಲ್ ಬಾಟಲಿ ಹಿಡಿದುಕೊಂಡು ಲ್ಯಾಬಿಗೆ ಬಂದಳು. ಐವತ್ತು ದಾಟಿದ ಹೆಂಗಸು, ಸೋಸುವ ಬಟ್ಟೆಗಳನ್ನು ತೊಳೆಯುವುದು ಅವಳ ಕೆಲಸ.

"ನೋಡ್ರಿ ಮೇಡಂ, ಹಾಲಿನ ಕೆನಿ ಆಗೇತಿ."

"ಖರೇನ ಭಾಳ ಛಲೋ ಬಂದೈತಿ," ಅಂದಳು ಸುರೇಖಾ, ಬಾಟಲಿ ತಿರುಗಿಸುತ್ತ. "ಗೋಡಿ ಸ್ವಚ್ಛ ಮಾಡ್ಯಾರೇನು?"

"ಮಾಡಾಕ ಹತ್ಯಾರ್ರಿ. ಡ್ರೈಯರ್ ಕೆಲಸದ ಯಮನೂರ ಈಗರ ಇಳದ. ಒಂದು ಚೂರೂ ಉಳೀಬಾರದಂತ ನೀವು ಬರದೀರಲ್ಲ, ಕುಂಚ ತಗೊಂಡು ಒಳಗ ಇಳದು ಕೆರೀತಾನ."

"ಒಳಗ ಅಂದ್ರ?"

"ಡ್ರೈಯರಿನ ಒಳಗರಿ."

ಗೋಡೆ ಕೆರೆಯುವುದು ಅಂದರೆ ಮೇಲೆ ನಿಂತು ಉದ್ದ ಕೋಲಿನಿಂದ ಕೆರೆಯುವುದು ಎಂದೇ ಸುರೇಖಾ ತಿಳಿದುಕೊಂಡಿದ್ದಳು. ತಿಳಿದುಕೊಂಡಿದ್ದಳು ಅಷ್ಟೆ, ಯಾರನ್ನೂ ಕೇಳಿರಲಿಲ್ಲ. ಅವಳು ಬರೆದ ಎರಡು ಸಾಲು ಒಂದರ ಮೇಲೊಂದು ಬಂದು ಕೂತವು. ಮೊದಲನೆಯ ಸಾಲು ಡ್ರೈಯರಿನ ತುಂಬ ನೈಟ್ರೋಜನ್ ತುಂಬಿಸಿತ್ತು. ಎರಡನೆಯ ಸಾಲು ಅದರೊಳಗೆ ಮನುಷ್ಯನನ್ನು ಇಳಿಸಿತ್ತು.

ನೈಟ್ರೋಜನ್ನಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ವಿಷವೂ ಅಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲು ಅದೇ. ಅದಕ್ಕೇ ಅದು ಭಯಂಕರ. ಬರೀ ಅದೊಂದೇ ತುಂಬಿದ ಕಡೆ ಹೋದರೆ ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ. ಎರಡು ಸಲ ಉಸಿರೆಳೆದರೆ ಕಾಲು ಕುಸಿಯುತ್ತದೆ. ಬಿದ್ದವನಿಗೆ ತಾನು ಬಿದ್ದದ್ದು ಗೊತ್ತಾಗುವುದಿಲ್ಲ.

ಅವಳ ಕೈಯಿಂದ ಬಾಟಲಿ ಜಾರಿತು. ಮೇಜಿನ ಮೇಲಿದ್ದ ಆಕ್ಸಿಜನ್ ಮಾಪಕ ಕಿತ್ತುಕೊಂಡು ಓಡಿದಳು. ಅದು ಅಂಗೈಯಷ್ಟು ದೊಡ್ಡ ಯಂತ್ರ, ಪಾತ್ರೆಯಲ್ಲಿ ಗಾಳಿ ಸೋರಿದೆಯೇ ಎಂದು ನೋಡಲು ಇಟ್ಟದ್ದು. "ಸೇಫ್ಟಿ ದುರಗೇಶನ್ನ ಕರೀರಿ! ಮಾಸ್ಕ್ ತರಾಕ ಹೇಳ್ರಿ! ಜಲ್ದಿ!" ಎಂದು ಕೂಗಿದ್ದು ಅವಳಿಗೆ ನೆನಪಿದೆ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ.

ಡ್ರೈಯರು ಎರಡಾಳು ಎತ್ತರದ ಉಕ್ಕಿನ ಪಾತ್ರೆ. ಮೇಲೆ ಒಂದೂವರೆ ಅಡಿ ಅಗಲದ ಬಾಯಿ. ಬಾಯಿಯ ಪಕ್ಕದಲ್ಲಿ ಯಮನೂರನ ಬೂಟುಗಳು ಜೋಡಿಸಿಟ್ಟಿದ್ದವು, ಪುಡಿಗೆ ಹೊಲಸು ಹತ್ತಬಾರದೆಂದು. ಬಾಯೊಳಗೆ ಹಗ್ಗದ ಏಣಿ ಇಳಿಬಿದ್ದಿತ್ತು. ಯಮನೂರನ ತಮ್ಮ ಯಂಕೇಶ ಒಂದು ಕಾಲು ಒಳಗೆ ಹಾಕಿ, ಇನ್ನೊಂದನ್ನು ಎತ್ತುತ್ತಿದ್ದ. ಬಕೆಟ್ಟು ತರಲು ಮೂವತ್ತು ಹೆಜ್ಜೆ ಹೋಗಿ ಬಂದಿದ್ದನಂತೆ. ಅಷ್ಟರಲ್ಲಿ ಅಣ್ಣ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದ.

ಸುರೇಖಾ ಹಿಂದಿನಿಂದ ಅವನ ಅಂಗಿ ಹಿಡಿದಳು.

"ಇಳೀಬ್ಯಾಡ!"

"ಬಿಡ್ರಿ ಮೇಡಂ, ನಮ್ಮಣ್ಣ ಬಿದ್ದಾನ!"

"ಇಳದ್ರ ನೀನೂ ಬೀಳ್ತಿ. ಒಳಗ ಗಾಳಿ ಇಲ್ಲ, ಯಂಕೇಶ!"

"ಬಾಯಿ ತಗದೈತಿ, ಗಾಳಿ ಹೆಂಗ ಇಲ್ಲ? ಬಿಡ್ರಿ!"

ಅವನು ಮೊಣಕೈಯಿಂದ ತಿವಿದ. ಏಟು ಅವಳ ದವಡೆಗೆ ಬಿತ್ತು. ಬಾಯಲ್ಲಿ ರಕ್ತದ ರುಚಿ ಬಂತು. ಅವಳು ಬಿಡಲಿಲ್ಲ, ಎರಡೂ ತೋಳಿನಿಂದ ಅವನ ಸೊಂಟ ತಬ್ಬಿ ಕಂಬಿಗೆ ಕಾಲು ಕೊಟ್ಟು ಜೋತುಬಿದ್ದಳು. ಆ ಹೊತ್ತಿನಲ್ಲಿ ಅವಳಿಗೆ ಇನ್ನೊಂದು ಅಂಜಿಕೆ ಹುಟ್ಟಿತು. ಯಮನೂರ ಸೆಕೆಗೆ ತಲೆಸುತ್ತಿ ಬಿದ್ದಿದ್ದರೆ? ಉಳಿಸಬಲ್ಲವನನ್ನು ತಾನೇ ಹಿಡಿದು ನಿಲ್ಲಿಸಿದ್ದರೆ?

ಒಂದು ತೋಳು ಬಿಡಿಸಿ ಮಾಪಕವನ್ನು ಅದರ ದಾರದಿಂದ ಬಾಯೊಳಗೆ ಇಳಿಬಿಟ್ಟಳು. ಅದು ಕೂಡಲೇ ಕಿರುಚಿಕೊಂಡಿತು. ಮೇಲೆ ಎಳೆದು ಯಂಕೇಶನ ಕಣ್ಣಿಗೆ ಹಿಡಿದಳು. ಏಳು. ಆಕ್ಸಿಜನ್ ನೂರಕ್ಕೆ ಇಪ್ಪತ್ತೊಂದು ಪಾಲು ಇರಬೇಕು.

"ಇಷ್ಟಽ ಐತಿ ಒಳಗ. ನಿಮ್ಮವ್ವಗ ಇಬ್ಬರೂ ಇಲ್ಲದಂಗ ಮಾಡ್ತೀಯೇನು?"

ಯಂಕೇಶ ಅಂಕಿಯನ್ನು ನೋಡಿದ. ಅದರ ಅರ್ಥ ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವಳ ತುಟಿಯಿಂದ ಸುರಿಯುತ್ತಿದ್ದ ರಕ್ತ ನೋಡಿ ಕಾಲು ಹೊರಗೆ ತೆಗೆದ. ಕಂಬಿ ಹಿಡಿದು ಬಗ್ಗಿ, "ಅಣ್ಣಾ! ಏ ಅಣ್ಣಾ!" ಎಂದು ಕೂಗತೊಡಗಿದ. ಉಕ್ಕಿನ ಪಾತ್ರೆ ಅವನ ಕೂಗನ್ನೇ ತಿರುಗಿ ಕೊಟ್ಟಿತು.

ಸುರೇಖಾ ನೈಟ್ರೋಜನ್ ಕೊಳವೆಯ ವಾಲ್ವ್ ತಿರುವಿ ಮುಚ್ಚಿದಳು. ಗೋಡೆಯಲ್ಲಿದ್ದ ಗಾಳಿ ಕೊಳವೆಯನ್ನು ಯಂಕೇಶನ ಕೈಗೆ ಕೊಟ್ಟು, "ಒಳಗ ಹಾಕು, ಅವನ ಮಾರಿ ಕಡೆ ಬಿಡು, ಪೂರಾ ತಿರುವು," ಅಂದಳು. ಗಾಳಿ ಭೋರೆಂದು ನುಗ್ಗಿತು. ಒಳಗಿನಿಂದ ಬಿಳಿ ಪುಡಿ ಹೊಗೆಯ ಹಾಗೆ ಎದ್ದಿತು.

ಅಷ್ಟರಲ್ಲಿ ಸುರಕ್ಷತೆಯ ದುರಗೇಶ ಬಂದ. ಬೆನ್ನಿಗೆ ಕಟ್ಟುವ ಸಿಲಿಂಡರು ಮತ್ತು ಉದ್ದ ಕೊಳವೆಯ ಮಾಸ್ಕು ಎರಡನ್ನೂ ತಂದಿದ್ದ. ಸಿಲಿಂಡರು ಕಟ್ಟಿಕೊಂಡು ಇಳಿಯಲು ಹೋದರೆ ಬಾಯಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಚ್ಚಿದ. ದುರಗೇಶ ದೊಡ್ಡ ಆಳು, ಬರೀ ಭುಜವೂ ಆ ಬಾಯಿಯಲ್ಲಿ ಹಿಡಿಸಲಿಲ್ಲ. ಮೈ ತಿರುಗಿಸಿ ಎರಡು ಸಲ ನೋಡಿದ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಯಂಕೇಶನ್ನ ಕಳಿಸೋಣೇನ್ರಿ?" ಅಂದ.

ಯಂಕೇಶ ಆಗಲೇ ಮತ್ತೆ ಏಣಿಗೆ ಕೈ ಹಾಕಿದ್ದ. ಅಣ್ಣನನ್ನು ಕಂಡ ಕೂಡಲೇ ಅವನು ಮಾಸ್ಕು ಕಿತ್ತೆಸೆದು ಅವನಿಗೆ ಹಾಕಲು ಹೋಗುತ್ತಾನೆ, ಇಬ್ಬರೂ ಉಳಿಯುವುದಿಲ್ಲ ಎಂದು ಸುರೇಖಾಗೆ ಅನಿಸಿತು. ಅಲ್ಲಿ ಆ ಬಾಯಿಯೊಳಗೆ ಹಿಡಿಸುವಷ್ಟು ಸಣ್ಣ ಮೈ ಇದ್ದದ್ದು ಇನ್ನು ಅವಳದೊಂದೇ. ವರ್ಷಕ್ಕೊಮ್ಮೆಯ ತರಬೇತಿಯಲ್ಲಿ ಒಂದು ಸಲ ಆ ಮಾಸ್ಕು ಹಾಕಿಕೊಂಡಿದ್ದಳು. ಎಲ್ಲರೂ ನಕ್ಕು ಫೋಟೋ ತೆಗೆದಿದ್ದರು.

"ಕೊಡ್ರಿ," ಅಂದಳು. ಮಾಸ್ಕಿಗೆ ಕೈ ಚಾಚಿದಳು.

ಸೈದಾನಬಿ ಓಡಿಬಂದು ಮೇಲೆ ನಿಂತಿದ್ದಳು. ಮಾಸ್ಕಿನ ರಬ್ಬರಿನಡಿ ಒಂದು ಎಳೆ ಕೂದಲು ಸಿಕ್ಕರೂ ಸಂದಿ ಬೀಳುತ್ತದೆ ಎಂದು ದುರಗೇಶ ಹೇಳಿದ್ದೇ ತಡ, ಅವಳು ಸುರೇಖಾಳ ಕೂದಲನ್ನು ಒದ್ದೆ ಕೈಯಿಂದ ಹಿಂದಕ್ಕೆ ಒತ್ತಿ, ತನ್ನ ಓಢಣಿಯಿಂದ ಬಿಗಿದು ಕಟ್ಟಿದಳು. ಕಟ್ಟುವಾಗ ಅವಳ ಬಾಯಲ್ಲಿ "ಯಾ ಅಲ್ಲಾ, ಯಾ ಅಲ್ಲಾ," ಎಂಬುದೊಂದೇ ಮಾತು. ದುರಗೇಶ ಸೊಂಟಕ್ಕೆ ಹಗ್ಗ ಬಿಗಿದ. "ಒಂದ್ ಸಲ ಜಗ್ಗಿದ್ರ ಸರಿ ಐತಿ ಅಂತ. ಎರಡ್ ಸಲ ಜಗ್ಗಿದ್ರ ಮ್ಯಾಲ ಎಳೀತೀನಿ. ಹತ್ತು ಎಣಸೂದ್ರಾಗ ಜಗ್ಗಲಿಲ್ಲ ಅಂದ್ರೂ ಎಳೀತೀನಿ."

ಅವಳು ಇಳಿದಳು.

ಒಳಗೆ ಇಳಿದ ಕೂಡಲೇ ಹೊರಗಿನ ಗದ್ದಲವೆಲ್ಲ ದೂರ ಹೋಯಿತು. ಕಿವಿಯಲ್ಲಿ ತನ್ನದೇ ಉಸಿರು, ಕೊಳವೆಯ ಗಾಳಿಯ ಸಿಳ್ಳು, ಎದೆಗೆ ಸಿಕ್ಕಿಸಿದ ಮಾಪಕದ ಕಿರುಚಾಟ. ಗೋಡೆಯ ತುಂಬ ಅವಳ ಪುಡಿ ಹತ್ತಿಕೊಂಡಿತ್ತು, ಅವಳು ಹದಿನೈದು ದಿನ ಹುಡುಕಿ ತಂದ ಬಣ್ಣ. ದುರಗೇಶ ಕೊಟ್ಟ ಟಾರ್ಚಿನ ಬೆಳಕಿನಲ್ಲಿ ಅದು ಎಷ್ಟು ಚೆಂದ ಇತ್ತೆಂದರೆ ಅವಳು ಬೆಳಕನ್ನು ಬೇರೆ ಕಡೆ ತಿರುಗಿಸಿದಳು.

ಮಾಸ್ಕು ಸೋರುತ್ತಿದ್ದರೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆ ಏಣಿಯ ನಾಲ್ಕನೇ ಮೆಟ್ಟಿಲಿನ ಮೇಲೆ ಅವಳನ್ನು ಹಿಡಿಯಿತು. ಏನೂ ಅನಿಸುತ್ತಿಲ್ಲ. ಏನೂ ಅನಿಸದಿರುವುದೇ ಅದರ ಲಕ್ಷಣ. ಕೈ ಏಣಿಯನ್ನು ಬಿಡಲೊಲ್ಲದು. ಮೇಲೆ ನೋಡಿದರೆ ಒಂದೂವರೆ ಅಡಿಯ ಬೆಳಕು, ಅದರಲ್ಲಿ ಯಂಕೇಶನ ಮುಖ. ಅವಳಿಗೆ ತಿರುಗಿ ಹತ್ತಬೇಕು ಅನಿಸಿತು. ಅಲ್ಲಿ ಕ್ಷಣ ಹೊತ್ತು ನಿಂತೇಬಿಟ್ಟಳು. ಇದನ್ನು ಅವಳು ಆಮೇಲೆ ಮುಚ್ಚಿಡಲಿಲ್ಲ.

ತಲೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಅವಳು ಶಾಲೆಯಲ್ಲಿ ಕಲಿತ ಮೂಲವಸ್ತುಗಳ ಪಟ್ಟಿಯನ್ನು ಜೋರಾಗಿ ಹೇಳತೊಡಗಿದಳು. ಹೈಡ್ರೋಜನ್, ಹೀಲಿಯಂ. ಒಂದು ಮೆಟ್ಟಿಲು. ಲಿಥಿಯಂ, ಬೆರಿಲಿಯಂ, ಬೋರಾನ್. ಇನ್ನೊಂದು. ಕಾರ್ಬನ್. ಏಳನೆಯದು ನೈಟ್ರೋಜನ್. ಆದರೂ ಹೇಳಿದಳು. ಹೇಳಿ, ಮುಂದಿನದನ್ನೂ ಹೇಳಿದಳು. ಕಾಲಿಗೆ ತಳ ಸಿಕ್ಕಿತು. ಹಗ್ಗ ಒಂದು ಸಲ ಜಗ್ಗಿದಳು.

ಯಮನೂರನ ಕಣ್ಣು ಅರ್ಧ ತೆರೆದಿದ್ದವು. ತುಟಿ ನೇರಳೆ ಹಣ್ಣು ತಿಂದವರ ಹಾಗೆ. ಕೈಯಲ್ಲಿ ಇನ್ನೂ ಕುಂಚ ಇತ್ತು. ಮೂಗಿನ ಕೆಳಗಿದ್ದ ಪುಡಿ ಅಲುಗಿದ್ದು ಅವಳು ನೋಡಿದಳೋ, ನೋಡಬೇಕೆಂದು ಬಯಸಿದ್ದಕ್ಕೆ ಕಂಡಿತೋ. ಮಾಪಕ ಹದಿಮೂರು ತೋರಿಸಿತು. ಗಾಳಿ ಸೇರುತ್ತಿತ್ತು.

ಮೇಲಿನಿಂದ ಇಳಿಬಿಟ್ಟ ಇನ್ನೊಂದು ಹಗ್ಗದ ಪಟ್ಟಿಯನ್ನು ಅವನ ತೋಳಿನ ಕೆಳಗೆ ತೂರಿಸಬೇಕು. ಹೊಲದಲ್ಲಿ ಬೆಳೆದು ಗಟ್ಟಿಯಾದ ಮನುಷ್ಯ, ನಲವತ್ತೆರಡು ವರ್ಷದವನು. ಅವಳಿಗೆ ಅವನ ಒಂದು ಭುಜ ಎತ್ತಲಾಗಲಿಲ್ಲ. ಮೊಣಕಾಲು ಅವನ ಬೆನ್ನಿನಡಿ ಕೊಟ್ಟು, ಹಲ್ಲು ಕಚ್ಚಿ ದೂಡಿದಳು. ಪುಡಿಯಲ್ಲಿ ಕಾಲು ಜಾರಿತು. ಬಿದ್ದಳು. ಬಿದ್ದಾಗ ಮಾಸ್ಕು ಗೋಡೆಗೆ ಬಡಿದು ಒಂದು ಬದಿಗೆ ಸರಿಯಿತು. ಅವಳು ಉಸಿರು ಹಿಡಿದು, ಎರಡೂ ಕೈಯಿಂದ ಅದನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ಕೂತಳು. ಎಷ್ಟು ಹೊತ್ತು ಎಂದು ಅವಳಿಗೆ ತಿಳಿಯದು. ಮೇಲಿನಿಂದ ದುರಗೇಶ, "ಮೇಡಂ, ಜಗ್ಗರಿ! ಜಗ್ಗರಿ!" ಎಂದು ಕೂಗುವುದು ಕೇಳಿ ಒಂದು ಸಲ ಜಗ್ಗಿದಳು. ಪಟ್ಟಿ ತೂರಿತು. ಕೊಂಡಿ ಸಿಕ್ಕಿಸಿ ಆ ಹಗ್ಗವನ್ನು ಎರಡು ಸಲ ಜಗ್ಗಿದಳು.

ಯಮನೂರ ಮೇಲಕ್ಕೆ ಹೋದ. ತಲೆ ಜೋತುಬಿದ್ದಿತ್ತು, ಬರಿಗಾಲು ಅವಳ ಹೆಗಲಿಗೆ ಬಡಿದವು. ಬಾಯಿಯಲ್ಲಿ ಅವನ ಭುಜ ಸಿಕ್ಕಿತು. ಬೆಳಕು ಮುಚ್ಚಿಹೋಯಿತು. ಕತ್ತಲಲ್ಲಿ ಅವಳು ಕೆಳಗಿನಿಂದ ಅವನ ಅಂಗಾಲು ಹಿಡಿದು ಮೇಲೆ ದೂಡಿದಳು, ಅಳುತ್ತ ದೂಡಿದಳು. ಕೊನೆಗೆ ಬೆಳಕು ಬಂತು.

ಅವಳು ಹೊರಗೆ ಬಂದಾಗ ದುರಗೇಶ ಅವನ ಎದೆ ಒತ್ತುತ್ತಿದ್ದ, ಬಾಯಿಗೆ ಗಾಳಿ ಊದುತ್ತಿದ್ದ. ಯಂಕೇಶ ಅಣ್ಣನ ಪಾದ ತಿಕ್ಕುತ್ತಿದ್ದ. ಆಕ್ಸಿಜನ್ ಸಿಲಿಂಡರು ಬಂತು. ಯಮನೂರ ಒಮ್ಮೆ ಕೆಟ್ಟದಾಗಿ ಗೊರಕೆ ಹೊಡೆದ ಹಾಗೆ ಉಸಿರೆಳೆದ. ಆಮೇಲೆ ಇನ್ನೊಂದು.

ಅಂಬುಲೆನ್ಸು ಅವನನ್ನು ಕೊಪ್ಪಳದ ದವಾಖಾನೆಗೆ ಒಯ್ದಿತು. ಜೀವ ಇದೆ, ಪ್ರಜ್ಞೆ ಯಾವಾಗ ಬರುತ್ತದೋ, ಬಂದರೆ ಹೇಗೆ ಬರುತ್ತದೋ ಹೇಳಲಾಗದು ಎಂದರು ಡಾಕ್ಟರು.

ಸಂಜೆ ನಾಲ್ಕರ ಹೊತ್ತಿಗೆ ವಿರುಪಣ್ಣ ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಸುರೇಖಾಳನ್ನು ಕರೆದ. ಅವನ ಮುಖ ಬಿಳಿಚಿತ್ತು. ಕೈಯಲ್ಲಿ ಒಂದು ಖಾಲಿ ಹಾಳೆ.

"ಆ ಸೂಚನಾ ಇನ್ನೊಂದ್ಸಲ ಬರೀರಿ ಮೇಡಂ. ಎರಡನೇ ಸಾಲು ಬ್ಯಾಡ. ಹಳೇದನ್ನ ನಾ ತಗಸೀನಿ."

"ಒಳಗ ಇಳಿಯಾಕ ಪರವಾನಗಿ ಚೀಟಿ ಬೇಕಲ್ರಿ ಸರ್. ಯಾರು ಕೊಟ್ರು?"

ವಿರುಪಣ್ಣ ನೆಲ ನೋಡಿದ. "ವಾರದ್ದೆಲ್ಲಾ ಸೋಮವಾರನ ಸಹಿ ಮಾಡಿ ಇಟ್ಟಿದ್ನಿ. ಹತ್ತು ವರ್ಷದಿಂದ ಹಂಗಽ ನಡದೈತಿ. ಏನೂ ಆಗಿರಲಿಲ್ಲ." ಹಾಳೆಯನ್ನು ಅವಳ ಕಡೆ ಚಾಚಿ ಅಂದ, "ಅವ ತಾನಽ ಇಳದ ಅಂತ ಆದ್ರ ನಾವಿಬ್ರೂ ಉಳೀತೀವಿ. ಪೊಲೀಸರು ಬರ್ತಾರ, ಇನ್ಸ್‌ಪೆಕ್ಟರು ಬರ್ತಾರ. ನಿಮಗ ಅಂಜಿಕಿ ಇಲ್ಲೇನು?"

ಅವನು ಕೆಟ್ಟವನಾಗಿರಲಿಲ್ಲ. ಹೆದರಿದ ಮನುಷ್ಯ. ಸುರೇಖಾ ಹಾಳೆ ಇಸಿದುಕೊಂಡಳು. ಹರಿಯಲೂ ಇಲ್ಲ, ಬರೆಯಲೂ ಇಲ್ಲ, ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಅಷ್ಟು ಹೆದರಿಕೆ ಅವಳಿಗೂ ಇತ್ತು.

ಮಂಗಳೂರಿನಿಂದ ನೇರ ದವಾಖಾನೆಗೇ ಬಂದ ಕಲ್ಲೇಶ ಅವಳ ಬಾತ ದವಡೆ ನೋಡಿ, ಅವಳನ್ನು ಹೊರಗೆ ಕರೆದುಕೊಂಡು ಹೋದ. ಇಬ್ಬರೂ ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಅವಳು ಎಲ್ಲ ಹೇಳಿದಳು.

"ಖರೆ ಹೇಳಿದ್ರ ನನ್ನ ಹೆಸರು ಬರ್ತೈತಿ."

"ಬರ್ತೈತಿ," ಅಂದ ಕಲ್ಲೇಶ.

"ಧೈರ್ಯ ಬರವಲ್ದು. ಭಾಳ ಅಂಜಿಕಿ ಆಗೇತಿ ನನಗ."

"ಅಂಜಿಕಿ ಹೋಗೂತನಾ ಕಾಯಬ್ಯಾಡ. ಅಂಜಿಕೊಂಡಽ ಹೇಳು."

ಯಮನೂರನ ಹೆಂಡತಿ ಶಾಂತಕ್ಕ ಐಸಿಯುವಿನ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಮಗಳು ಸಹನಾ, ಶಾಲೆಯ ಅಂಗಿಯಲ್ಲೇ. ಶಾಂತಕ್ಕ ಸುರೇಖಾಳನ್ನು ಕಂಡು ಎದ್ದಳು. ಯಂಕೇಶ ಎಲ್ಲ ಹೇಳಿದ್ದ. ಅವಳು ಸುರೇಖಾಳ ಕಾಲು ಮುಟ್ಟಲು ಬಗ್ಗಿದಳು.

ಸುರೇಖಾ ಹಿಂದೆ ಸರಿದಳು. ಡ್ರೈಯರಿನ ನಾಲ್ಕನೇ ಮೆಟ್ಟಿಲಿನ ಮೇಲೆ ಇದ್ದದ್ದಕ್ಕಿಂತ ಹೆಚ್ಚಿನ ಅಂಜಿಕೆ ಈಗ ಇತ್ತು.

"ಹಂಗ ಮಾಡಬ್ಯಾಡ್ರಿ. ಒಳಗ ಇಳದು ಕೆರೀಬೇಕಾದದ್ದು ನಾ ಬರದ ಸೂಚನಾದಿಂದ. ಆ ಗ್ಯಾಸು ನಿಲ್ಲಸಬಾರದು ಅಂತ ಬರದಾಕಿನೂ ನಾನಽ. ಒಳಗ ಮನಶಾ ಇಳೀತಾನ ಅಂತ ನನಗ ಗೊತ್ತಿರಲಿಲ್ಲ. ನಾ ಕೇಳಲೂ ಇಲ್ಲ."

ಬಗ್ಗಿದ್ದ ಶಾಂತಕ್ಕ ನೆಟ್ಟಗಾದಳು. ಕಾರಿಡಾರಿನಲ್ಲಿ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಸಹನಾ ತಾಯಿಯ ಸೆರಗು ಹಿಡಿದಳು.

"ನನಗ ಹೇಳಬ್ಯಾಡ್ರಿ," ಅಂದಳು ಶಾಂತಕ್ಕ. "ಅವ ಎದ್ದ ಮ್ಯಾಲೆ ಅವನ ಮುಂದ ಹೇಳ್ರಿ. ಅಲ್ಲೀತನಾ ನನ್ನ ಮುಂದ ಬರಬ್ಯಾಡ್ರಿ."

ಎರಡು ದಿನ ಸುರೇಖಾ ಮೆಟ್ಟಿಲ ಬುಡದಲ್ಲೇ ಕೂತಳು, ಮೇಲೆ ಹೋಗಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅಳುವ ದನಿ ಇಳಿದು ಬರುತ್ತದೆಯೇ ಎಂದು ಕಿವಿಗೊಟ್ಟಳು. ಸೈದಾನಬಿ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ತಂದು, "ಉಣ್ಣರಿ ಮೇಡಂ," ಎಂದು ಪಕ್ಕದಲ್ಲಿ ಕೂತಳು. ಒಂದು ತುತ್ತೂ ಇಳಿಯಲಿಲ್ಲ. ಕೂತಲ್ಲೇ ಅವಳು ಉಸಿರು ಎಣಿಸುತ್ತಿದ್ದಳು. ಉಸಿರಾಟ ತಾನಾಗಿ ನಡೆಯುತ್ತದೆ ಎಂಬ ನಂಬಿಕೆ ಅವಳಿಗೆ ಹೋಗಿತ್ತು.

ಮೂರನೇ ದಿನ ಯಮನೂರ ಕಣ್ಣು ಬಿಟ್ಟ. ಹೆಂಡತಿಯನ್ನು ಗುರುತಿಸಿದ. ಮಗಳನ್ನು ನೋಡಿ ಹೆಸರು ಹುಡುಕಿದ, ಸಿಗಲಿಲ್ಲ. ಸಹನಾ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತಳು. ಯಂಕೇಶ ಕೆಳಗೆ ಬಂದು ಸುರೇಖಾಳಿಗೆ ಹೇಳಿದ. "ಅತ್ತಿಗಿ ಕರೀತಾಳ."

ಅವಳು ಹೋಗಿ ಮಂಚದ ಪಕ್ಕ ನಿಂತು ಅದೇ ಮಾತುಗಳನ್ನು ಮತ್ತೆ ಹೇಳಿದಳು. ಯಮನೂರ ಕೇಳಿಸಿಕೊಂಡ. ಬುಧವಾರ ಸೂಚನೆ ಓದಿದ್ದರವರೆಗೆ ಅವನಿಗೆ ನೆನಪಿತ್ತು, ಆಮೇಲಿನದು ಏನೂ ಇಲ್ಲ, ಬೂಟು ಬಿಚ್ಚಿದ್ದು ಕೂಡ. ತೊದಲುತ್ತ ಅಂದ, "ನಾನೂ ಕೇಳಲಿಲ್ರಿ. ಹೋದ ಬ್ಯಾಚಿನತನಾ ಗ್ಯಾಸು ನಿಲ್ಲಸಿ ಅರ್ಧ ತಾಸು ಬಾಯಿ ತಗದು ಗಾಳಿ ಆಡಾಕ ಬಿಡ್ತಿದ್ವಿ. ಈ ಸಲ ನಿಮ್ಮ ಸೂಚನಾ ಓದಿ ಗ್ಯಾಸು ನಿಲ್ಲಸಲಿಲ್ಲ. ದೊಡ್ಡವರು ಬರದಾರ, ತಿಳದಽ ಬರದಿರ್ತಾರ ಅಂದ್ಕೊಂಡ್ನಿ." ಆಮೇಲೆ, "ಬಾಗಲಾ ತಗದಿಡ್ರಿ," ಅಂದ. ಬಾಗಿಲು ತೆರೆದೇ ಇತ್ತು.

ತನಿಖೆಗೆ ಬಂದ ಅಧಿಕಾರಿಯ ಮುಂದೆ ಸುರೇಖಾ ಹಳೆಯ ಸೂಚನೆಯ ತನ್ನ ಪ್ರತಿಯನ್ನು ಇಟ್ಟಳು. ಅಂಜಿಕೊಂಡೇ ಇಟ್ಟಳು. ಸಹಿ ಮಾಡಿಟ್ಟ ಚೀಟಿಗಳ ಮಾತನ್ನೂ ಹೇಳಿದಳು. ಪಕ್ಕದಲ್ಲಿದ್ದ ವಿರುಪಣ್ಣ ಇಲ್ಲ ಅನ್ನಲಿಲ್ಲ. ಕಾರ್ಖಾನೆಗೆ ದಂಡ ಬಿತ್ತು, ವಿರುಪಣ್ಣನನ್ನು ಆ ಜಾಗದಿಂದ ತೆಗೆದರು. ಸುರೇಖಾಳಿಗೆ ಲಿಖಿತ ಎಚ್ಚರಿಕೆ ಬಂತು, ಮೂರು ತಿಂಗಳು ಅವಳು ಯಾವ ಸೂಚನೆಗೂ ಸಹಿ ಮಾಡುವಂತಿರಲಿಲ್ಲ. ಕೆಲಸ ಉಳಿಯಿತು. ಹೋಗಿದ್ದರೂ ತಪ್ಪೆನ್ನುತ್ತಿರಲಿಲ್ಲ ಅವಳು.

ಡ್ರೈಯರಿನೊಳಗೆ ಮನುಷ್ಯರು ಇಳಿಯುವುದು ನಿಂತಿತು. ಒಳಗೋಡೆಯನ್ನು ಹೊರಗಿನಿಂದಲೇ ಬಿಸಿನೀರು ಚಿಮ್ಮಿಸಿ ತೊಳೆಯುವ ವ್ಯವಸ್ಥೆ ಬಂತು. ಅದಕ್ಕೆ ಪ್ರತಿ ಬ್ಯಾಚಿಗೂ ಒಂದು ದಿನ ಹೆಚ್ಚು ಬೇಕು. ಬಣ್ಣ ಏಳನೇ ಬ್ಯಾಚಿನಷ್ಟು ತಿಳಿಯಾಗಿ ಮತ್ತೆ ಬರಲಿಲ್ಲ, ಆದರೆ ಗಿರಾಕಿ ಒಪ್ಪಿದ. ಸುರೇಖಾ ಈಗ ದಿನಾ ಬೆಳಿಗ್ಗೆ ಮೂರನೇ ಅಂತಸ್ತಿನವರೆಗೆ ಹತ್ತುತ್ತಾಳೆ. ಏನಾದರೂ ಬರೆಯುವ ಮೊದಲು ಅಲ್ಲಿ ನಿಂತ ಮಂದಿಯನ್ನು ಕೇಳುತ್ತಾಳೆ: "ಇದನ್ನ ಯಾರು ಮಾಡ್ತೀರಿ? ಹೆಂಗ ಮಾಡ್ತೀರಿ? ಮಾಡಿ ತೋರಸ್ರಿ."

ಮಳೆಗಾಲ ಮುಗಿದ ಮೇಲೆ ಅವಳು ಹಿಟ್ನಾಳದಲ್ಲಿ ಯಮನೂರನ ಮನೆಗೆ ಹೋದಳು. ಯಮನೂರ ಕಟ್ಟೆಯ ಮೇಲೆ ಕೂತು ಎಡಗೈಯ ಬೆರಳುಗಳಿಂದ ಶೇಂಗಾ ಬಿಡಿಸುತ್ತಿದ್ದ. ಡಾಕ್ಟರು ಹೇಳಿದ ಅಭ್ಯಾಸ ಅದು. ಹತ್ತರಲ್ಲಿ ಮೂರು ಕಾಯಿ ಬೆರಳಿನಿಂದ ಜಾರಿ ಬೀಳುತ್ತಿದ್ದವು. ಮುಂದಿನ ತಿಂಗಳಿಂದ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ ಎಂದ. ಮಗಳ ಹೆಸರನ್ನು ಮಾತಿನ ನಡುವೆ ಎರಡು ಸಲ ತಪ್ಪಿಲ್ಲದೆ ಕರೆದ, ಕರೆದು ಸುರೇಖಾಳ ಮುಖ ನೋಡಿದ.

"ಒಂದು ಕೇಳ್ತೀನ್ರಿ," ಅಂದ. "ನೀವು ಇಳದಾಗ ಒಳಗ ಏನಿತ್ತು? ನನಗ ಏನೇನೂ ನೆನಪಿಲ್ಲ. ಅದಽ ಹೆದರಿಸ್ತೈತಿ."

"ಏನೂ ಇರಲಿಲ್ಲ ಯಮನೂರ. ನೀವಿದ್ರಿ. ನಿಮ್ಮ ಕೈಯಾಗ ಕುಂಚ ಇತ್ತು."

ಅವನು ತಲೆ ಆಡಿಸಿದ. ಅಷ್ಟು ಸಿಕ್ಕದ್ದೇ ಅವನಿಗೆ ಸಾಕಾದ ಹಾಗೆ ಕಂಡಿತು.

ಶಾಂತಕ್ಕ ಒಳಗಿನಿಂದ ಎರಡು ಲೋಟ ಚಹಾ ತಂದಳು. ಒಂದನ್ನು ಗಂಡನಿಗೆ ಕೊಟ್ಟಳು. ಇನ್ನೊಂದನ್ನು ಸುರೇಖಾಳ ಕೈಗೆ ಕೊಡಲಿಲ್ಲ, ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಇಟ್ಟಳು. ಆಮೇಲೆ ತಾನೂ ಸ್ವಲ್ಪ ದೂರದಲ್ಲಿ ಕೂತು, ಬುಟ್ಟಿಯಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ಬಿಡಿಸತೊಡಗಿದಳು.